ಇಲ್ಲದ ಕೊರತೆ

“ಸುಳ್ಳಾಡೋರು ಮೊರ ಮುಟ್ಟಬ್ಯಾಡಿ” ಎಂದು ಹುಲಿಯಮ್ಮ ಹೇಳಿದಾಗ ರೇವಂತ್‌ಗೆ ನಗು ಬಂತು. ತಡೆದುಕೊಳ್ಳುವ ಪ್ರಯತ್ನವನ್ನೂ ಮಾಡದೆ ನಕ್ಕುಬಿಟ್ಟ.

ಮುದುಕಿ ಕೋಪಿಸಿಕೊಳ್ಳಲಿಲ್ಲ. ಬಿಸಿಲೆ ಘಾಟಿಯ ಆಚೆ, ಕಾಫಿ ಎಸ್ಟೇಟಿನ ಕೂಲಿಯವರ ಲೈನ್ ಮನೆಗಳ ಸಾಲಿನಲ್ಲಿ ಕೊನೆಯದು ಅವಳದು. ಐವತ್ತು ವರ್ಷ ಆ ಬೆಟ್ಟಗಳ ಹೆಂಗಸರಿಗೆ ಹೆರಿಗೆ ಮಾಡಿಸಿದವಳು. ಈಗ ಹೆರುವವರೆಲ್ಲ ಆಸ್ಪತ್ರೆಗೆ ಹೋಗುತ್ತಿದ್ದರು. ಹೆರಲಾಗದವರು ಮಾತ್ರ ಅವಳ ಜಗಲಿ ಹುಡುಕಿಕೊಂಡು ಬರುತ್ತಿದ್ದರು.

“ಮೇಷ್ಟ್ರು ನಗ್ತಾವ್ರೆ. ನಗ್ಲಿ ಬುಡವ್ವ” ಎಂದು ಅವಳು ನವ್ಯಶ್ರೀಯ ಕಡೆ ತಿರುಗಿದಳು. “ಯಾವೂರ್ನೋರು ನಿನ್ ಗಂಡ?”

“ತುಮಕೂರು ಅಜ್ಜಿ. ಸಕಲೇಶಪುರದ ಕಾಲೇಜಲ್ಲಿ ಕೆಮಿಸ್ಟ್ರಿ ಹೇಳ್ಕೊಡ್ತಾರೆ. ನಾವು ಈ ಕಡೆ ಬಂದು ಎಂಟು ತಿಂಗ್ಳಾಯ್ತು.”

“ಅದ್ಕೇ ಮತ್ತೆ. ಬಯಲುಸೀಮೆಯೋರಿಗೆ ನಗು ಜಾಸ್ತಿ.”

ನವ್ಯಶ್ರೀಯೂ ಸ್ವಲ್ಪ ನಕ್ಕಳು. ಅವಳು ನಕ್ಕಿದ್ದನ್ನು ಕಂಡು ಎಷ್ಟು ದಿನಗಳಾದವೆಂದು ರೇವಂತ್ ಲೆಕ್ಕ ಹಾಕಲು ನೋಡಿದ. ಆಗಲಿಲ್ಲ. ಮದುವೆಯಾಗಿ ಆರು ವರ್ಷ. ಅದರಲ್ಲಿ ನಾಲ್ಕು ವರ್ಷ ಅವರ ಮನೆಯ ಕ್ಯಾಲೆಂಡರಿನಲ್ಲಿ ಹಬ್ಬಗಳಿರಲಿಲ್ಲ, ದಿನಗಳ ಎಣಿಕೆಯಿತ್ತು. ಹನ್ನೆರಡನೆಯ ದಿನ, ಹದಿನಾಲ್ಕನೆಯ ದಿನ. ಬೆಳಿಗ್ಗೆ ಹಾಸಿಗೆಯಿಂದ ಏಳುವ ಮುಂಚೆ ಅವಳು ನಾಲಗೆಯಡಿ ಥರ್ಮಾಮೀಟರ್ ಇಟ್ಟುಕೊಂಡು ಕಣ್ಣು ಮುಚ್ಚಿ ಮಲಗಿರುತ್ತಿದ್ದಳು. ಮೈಯ ಬಿಸಿ ಎಳ್ಳಷ್ಟು ಏರಿದರೂ ಮುಖ ಅರಳುತ್ತಿತ್ತು. ಹಾಸನಕ್ಕೆ ಬಸ್ಸಿನಲ್ಲಿ ಹೋಗಿ ಸ್ಕ್ಯಾನ್, ಹೊಟ್ಟೆಗೆ ಸೂಜಿ, ಗರ್ಭನಾಳಕ್ಕೆ ಬಣ್ಣ ಬಿಟ್ಟು ತೆಗೆದ ಎಕ್ಸ್‌ರೇ. ಆ ಎಕ್ಸ್‌ರೇ ದಿನ ಮೇಜಿನ ಅಂಚನ್ನು ಹಿಡಿದು ಅವಳ ಉಗುರು ಸೀಳಿತ್ತು. ಎಲ್ಲ ಆದಮೇಲೆ ಡಾಕ್ಟರು ಫೈಲಿನ ಮೇಲೆ ‘ಕಾರಣ ತಿಳಿಯದು’ ಎಂದು ಬರೆದರು.

ಕಾರಣ ರೇವಂತ್‌ಗೆ ತಿಳಿದಿತ್ತು.

ಮೂರು ವರ್ಷದ ಹಿಂದೆ, ತುಮಕೂರಿನಲ್ಲಿದ್ದಾಗ, ಅವನೂ ಒಂದು ಪರೀಕ್ಷೆ ಮಾಡಿಸಿದ್ದ. ವರದಿಯಲ್ಲಿ ವೀರ್ಯಾಣುಗಳ ಸಂಖ್ಯೆಯ ಎದುರಿಗೆ ಸೊನ್ನೆ ಇತ್ತು. ಬೇರೇನೂ ಇರಲಿಲ್ಲ, ಬರೀ ಸೊನ್ನೆ. ಇದಕ್ಕೂ ದಾರಿಗಳಿವೆ, ಇನ್ನೊಮ್ಮೆ ಬನ್ನಿ, ಮಾತಾಡೋಣ ಎಂದಿದ್ದರು ಅಲ್ಲಿಯ ಡಾಕ್ಟರು. ಅವನು ಹೋಗಲಿಲ್ಲ. ಕಾಲೇಜಿನ ಕಂಪ್ಯೂಟರಿನಲ್ಲಿ ಕೂತು ವರದಿಯನ್ನು ಸ್ಕ್ಯಾನ್ ಮಾಡಿ, ಸೊನ್ನೆಯ ಜಾಗದಲ್ಲಿ ನಾಲ್ಕು ಕೋಟಿ ಇಪ್ಪತ್ತು ಲಕ್ಷ ಎಂದು ಕೂರಿಸಿ ಮುದ್ರಿಸಿದ. ಆ ಹಾಳೆ ಮುಂದಿನ ಎಲ್ಲ ಫೈಲುಗಳಲ್ಲೂ ಮೊದಲನೆಯದಾಗಿ ಕೂತಿತು. ನಾಳೆ ಹೇಳಿದರಾಯಿತು ಅಂದುಕೊಂಡ. ಅವಳು ಪ್ರತಿ ಸೂಜಿ ಚುಚ್ಚಿಸಿಕೊಂಡಾಗಲೂ ಹೇಳುವುದು ಇನ್ನಷ್ಟು ಕಷ್ಟವಾಯಿತು.

ಈಗ ಇಲ್ಲಿ, ಈ ಜಗಲಿಯ ಮೇಲೆ, ಮುದುಕಿ ಮೊರಕ್ಕೆ ಅಕ್ಕಿ ಸುರಿಯುತ್ತಿದ್ದಳು.

ಮಾರ್ಚ್ ತಿಂಗಳು. ಹೂಮಳೆ ಬಿದ್ದು ಒಂಬತ್ತು ದಿನವಾಗಿತ್ತು. ಸುತ್ತಲಿನ ಕಾಫಿ ಗಿಡಗಳು ರೆಂಬೆ ಕಾಣದಂತೆ ಬೆಳ್ಳಗಾಗಿದ್ದವು. ಕಾಯಿ ಕಚ್ಚುವ ತನಕ ಗಿಡ ಅಲುಗಬಾರದೆಂದು ತೋಟದ ಲೆಕ್ಕ ನೋಡುವ ರೈಟರ್ ಎಲ್ಲರಿಗೂ ರಜೆ ಕೊಟ್ಟಿದ್ದ. ತೋಟದೊಳಗೆ ಒಬ್ಬರೂ ಕಾಲಿಟ್ಟಿರಲಿಲ್ಲ. ಮಧ್ಯಾಹ್ನದ ಗಾಳಿಯಿಲ್ಲದ ಬಿಸಿಲಿನಲ್ಲಿ ಹೂವಿನ ವಾಸನೆ ಗಂಟಲಿಗೆ ಕಟ್ಟುವಷ್ಟು ದಪ್ಪವಾಗಿತ್ತು. ಮೊರ ಹೊರಗೆ ಬಂದದ್ದೇ ತಡ, ಲೈನಿನ ಉಳಿದ ಮನೆಗಳ ಬಾಗಿಲುಗಳು ಒಂದೊಂದಾಗಿ ಮುಚ್ಚಿಕೊಂಡವು.

“ಗಂಡ ಒಂದು ಅಂಚು, ಹೆಂಡ್ರು ಒಂದು ಅಂಚು ಹಿಡ್ಕೊಂಡು ಕೇರಬೇಕು” ಎಂದಳು ಹುಲಿಯಮ್ಮ. “ಇಬ್ರಲ್ಲಿ ಯಾರ ಮೈಯಾಗೆ ಕೊರತೆ ಐತೋ ಅವ್ರು ‘ಕೊರತೆ ನಂದು’ ಅಂತ ಮೂರು ಸಲ ಅನ್ನಬೇಕು. ಬರ್ತೈತೆ. ಕೊರತೆ ಎಷ್ಟೈತೋ ಅಷ್ಟು ತುಂಬ್ತೈತೆ. ಹೋಗ್ತೈತೆ.”

“ಏನು ಬರುತ್ತೆ?” ರೇವಂತ್ ಕೇಳಿದ.

“ಹೆಸ್ರಿಲ್ಲ. ಹೆಸ್ರು ಇಡೋಕ್ ಮುಂಚೆ ಹೋದವು. ಈ ಕೈಯಾಗೇ ಹೋದವು.” ಮುದುಕಿ ಅಂಗೈಗಳನ್ನು ತಿರುಗಿಸಿ ನೋಡಿಕೊಂಡಳು. “ಅವಕ್ಕೆ ಒಂದು ಜಾಗ ಬೇಕು. ಅಷ್ಟೇ. ಆದ್ರೆ ಇಲ್ದಿರೋ ಕೊರತೇನ ನಂದು ಅಂದ್ಬುಟ್ರೆ ಅದ್ಕೆ ಅಳತೆ ಅನ್ನೋದೇ ಇರಾಕಿಲ್ಲ. ತುಂಬ್ತಾನೇ ಇರ್ತೈತೆ. ಮೈ ಸಾಲದೆ ಬಂದ್ರೂ ಬುಡಾಕಿಲ್ಲ. ಅದ್ಕೇ ಕೇಳ್ತೀನಿ. ಮೇಷ್ಟ್ರೇ, ಕೊರತೆ ಯಾರ್ದು?”

ಅವಳ ಒಂದು ಕಣ್ಣಿಗೆ ಪೊರೆ ಬಂದಿತ್ತು. ಆ ಬೆಳ್ಳನೆಯ ಕಣ್ಣೇ ತನ್ನನ್ನು ನೋಡುತ್ತಿದೆ ಎನ್ನಿಸಿತು ರೇವಂತ್‌ಗೆ.

“ನಂದು ನಾರ್ಮಲ್ ಅಜ್ಜಿ. ರಿಪೋರ್ಟ್ ಇದೆ. ಅಕ್ಕಿ ಕೇರಿದ್ರೆ ಮಕ್ಕಳಾಗೋ ಹಾಗಿದ್ರೆ ರೈಸ್ ಮಿಲ್ಲಿನೋರಿಗೆಲ್ಲ ಡಜನ್‌ಗಟ್ಟಲೆ ಇರ್ಬೇಕಿತ್ತಲ್ಲ?”

ಯಾರೂ ನಗಲಿಲ್ಲ. ನವ್ಯಶ್ರೀ ಅವನ ಮುಖವನ್ನೇ ನೋಡುತ್ತಿದ್ದಳು.

ಮೊರ ಹಿಡಿದರು. ಸರ್ರ್, ಟಪ್. ಸರ್ರ್, ಟಪ್. ಅಕ್ಕಿ ಎದ್ದು ಬಿದ್ದು ಎದ್ದು ಬಿದ್ದು ಸಣ್ಣ ಧೂಳು ಹಾರಿತು.

“ಕೊರತೆ ನಂದು” ಎಂದಳು ನವ್ಯಶ್ರೀ. ತಡೆದಳು. ಅವನನ್ನು ನೋಡಿದಳು. “ಕೊರತೆ ನಂದು.” ಮತ್ತೆ ತಡೆದಳು. ಅವನು ಕಣ್ಣು ತಪ್ಪಿಸಿ ಬೆಳ್ಳನೆಯ ತೋಟದ ಕಡೆ ನೋಡಿದ. “ಕೊರತೆ ನಂದು.”

ಘಾಟಿಯ ಕಡೆಯಿಂದ ಮಂಜು ಏರಿಬಂತು, ಆ ಬಿಸಿಲಿನಲ್ಲಿ. ಗಾಳಿಯಿಲ್ಲದೆ ನಿಂತಿದ್ದ ಕಾಫಿ ಗಿಡಗಳಲ್ಲಿ ಒಂದು ಸಾಲು ಮಾತ್ರ ಅಲುಗಿತು. ಯಾರೋ ಕುಳ್ಳನೆಯವರು ಗಿಡಗಳ ಬುಡದಲ್ಲೇ ಓಡಿಬರುತ್ತಿರುವ ಹಾಗೆ ಹೂಗಳು ಒಂದೇ ಗೆರೆಯಲ್ಲಿ ಉದುರುತ್ತ ಜಗಲಿಯವರೆಗೆ ಬಂದವು. ಆಮೇಲೆ ಮೊರ ಭಾರವಾಯಿತು. ಹಿಡಿ ಅಕ್ಕಿಯ ಭಾರವಲ್ಲ ಅದು. ಎಳೆಗೂಸಿನಷ್ಟು.

ನವ್ಯಶ್ರೀ ಎಳೆಯುತ್ತಿದ್ದಾಳೆ ಎಂದು ರೇವಂತ್ ತನಗೆ ತಾನೇ ಹೇಳಿಕೊಂಡ.

*

ಆ ಅಕ್ಕಿಯನ್ನು ಅವಳು ಏಳು ದಿನ ಸೊಂಟಕ್ಕೆ ಕಟ್ಟಿಕೊಂಡಳು. ಎಂಟನೆಯ ದಿನ ಗಂಜಿ ಕಾಸಿ ಒಬ್ಬಳೇ ಕುಡಿದಳು. ಬಾಳ್ಳುಪೇಟೆಯ ಹೆದ್ದಾರಿಯ ಪಕ್ಕದಲ್ಲಿ, ಮೊದಲ ಮಹಡಿಯಲ್ಲಿ ಅವರ ಬಾಡಿಗೆ ಮನೆ. ಕೆಳಗೇ ಅವಳು ಕೆಲಸ ಮಾಡುವ ಜೆರಾಕ್ಸ್ ಮತ್ತು ಟೈಪಿಂಗ್ ಅಂಗಡಿ. ಹಗಲಿಡೀ ಲಾರಿಗಳ ಸದ್ದಿಗೆ ಕಿಟಕಿಯ ಗಾಜು ನಡುಗುತ್ತಿತ್ತು.

ಏಪ್ರಿಲ್ ಮಧ್ಯದಲ್ಲಿ ಒಂದು ಬೆಳಿಗ್ಗೆ ಅವಳು ಬಚ್ಚಲಿನಿಂದ ಹೊರಗೆ ಬಂದಳು. ಕೈಯಲ್ಲಿ ಪರೀಕ್ಷೆಯ ಪಟ್ಟಿ. ಎರಡು ಗೆರೆ.

“ರೀ” ಎಂದಳು. ಅಲ್ಲೇ ನೆಲದ ಮೇಲೆ ಕೂತು ಬಾಯಿಗೆ ಸೆರಗು ಒತ್ತಿಕೊಂಡು ಅತ್ತಳು.

ರೇವಂತ್ ಅವಳನ್ನು ತಬ್ಬಿಕೊಂಡ. ಮೊದಲು ಬಂದ ಯೋಚನೆ ಮಾಟದ್ದಲ್ಲ. ಯಾರು? ಅಂಗಡಿಯ ಮಾಲೀಕನೆ? ಕಾಗದ ತಿದ್ದಿಸಲು ಬರುವ ಯಾರಾದರೂ? ದಿನಗಟ್ಟಲೆ ಅವಳ ಫೋನನ್ನು, ಅವಳು ಬರುವ ಹೊತ್ತನ್ನು, ಅವಳ ನಗುವನ್ನು ಗಮನಿಸಿದ. ಏನೂ ಸಿಗಲಿಲ್ಲ. ಕೇಳುವಂತೆಯೂ ಇರಲಿಲ್ಲ. ಕೇಳಬೇಕೆಂದರೆ ಮೊದಲು ಹೇಳಬೇಕಿತ್ತು.

ಆಮೇಲೆ ವಾಸನೆ ಶುರುವಾಯಿತು.

ತೋಟಗಳಲ್ಲಿ ಹೂ ಕಂದಿ ಉದುರಿ, ಹಸಿರು ಕಾಯಿ ಕಟ್ಟಿ ತಿಂಗಳಾಗಿತ್ತು. ಆದರೂ ಮನೆಯೊಳಗೆ ಕಾಫಿ ಹೂವಿನ ವಾಸನೆ. ದಿಂಬಿನಲ್ಲಿ, ಅನ್ನದ ಪಾತ್ರೆಯಲ್ಲಿ, ಅವಳ ಉಸಿರಿನಲ್ಲಿ. ಮೊದಮೊದಲು ಹಿತವಾಗಿತ್ತು. ಬರಬರುತ್ತ ಅದರ ಅಡಿಯಲ್ಲಿ ಇನ್ನೊಂದು ವಾಸನೆ ಸೇರಿಕೊಂಡಿತು. ಬಹಳ ದಿನ ಮುಚ್ಚಿಟ್ಟ ಕೋಣೆಯದು, ಒದ್ದೆ ಬಟ್ಟೆಯದು. ಅವಳು ಹಸಿ ಅಕ್ಕಿ ತಿನ್ನತೊಡಗಿದ್ದಳು. ಬಸುರಿಯರಿಗೆ ಅದು ಸಹಜ ಎಂದರು ಅಕ್ಕಪಕ್ಕದವರು. ಆದರೆ ಅವಳು ದಿನಕ್ಕೆ ಒಂದು ಸೇರು ತಿನ್ನುತ್ತಿದ್ದಳು. ಬೇರೇನೂ ತಿನ್ನುತ್ತಿರಲಿಲ್ಲ.

ಎರಡು ತಿಂಗಳಿಗೆ ಅವಳ ಹೊಟ್ಟೆ ಆರು ತಿಂಗಳಿನದಾಯಿತು. ಉಳಿದ ಮೈ ಇಳಿಯಿತು. ಕೆನ್ನೆ ಒಳಗೆ ಹೋಯಿತು, ಬಳೆಗಳು ಮೊಣಕೈವರೆಗೆ ಸರಿಯತೊಡಗಿದವು. ಬಾಚಣಿಗೆಯಲ್ಲಿ ಕೂದಲು ಹಿಡಿಗಟ್ಟಲೆ ಬರುತ್ತಿತ್ತು. ಅವಳಿಗೆ ಅದರ ಪರಿವೆಯೇ ಇರಲಿಲ್ಲ. ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಯಾರಿಗೂ ಕೇಳದ ಹಾಗೆ ಏನೋ ಹೇಳುತ್ತ ಕೂತಿರುತ್ತಿದ್ದಳು. ಇಷ್ಟು ಸಂತೋಷದ ಮುಖವನ್ನು ರೇವಂತ್ ಅವಳಲ್ಲಿ ಯಾವತ್ತೂ ಕಂಡಿರಲಿಲ್ಲ. ಅದನ್ನು ನೋಡಲಾಗದೆ ಅವನು ಕಾಲೇಜು ಬಿಟ್ಟ ಮೇಲೂ ಹೇಮಾವತಿಯ ಸೇತುವೆಯ ಮೇಲೆ ನಿಂತು ಹೊತ್ತು ಕಳೆದು ಬರುತ್ತಿದ್ದ.

ಜೂನ್ ಮೊದಲ ವಾರ ಹಾಸನದಲ್ಲಿ ಸ್ಕ್ಯಾನ್ ಮಾಡಿಸಿದರು. ಡಾಕ್ಟರು ಬಹಳ ಹೊತ್ತು ಪರದೆಯನ್ನೇ ನೋಡಿದರು. ಹೊಟ್ಟೆಗೆ ಸವರಿದ ಜೆಲ್ಲನ್ನು ಒರೆಸಿ ಮತ್ತೆ ಸವರಿದರು. ನರ್ಸನ್ನು ಕರೆದು ಬೇರೆ ಯಂತ್ರ ತರಿಸಿದರು. ಕೊನೆಗೆ ರೇವಂತ್‌ನನ್ನು ಹೊರಗೆ ಕರೆದುಕೊಂಡು ಹೋದರು.

“ಗರ್ಭಕೋಶ ಖಾಲಿ ಇದೆ” ಎಂದರು. “ಮಗು ಇಲ್ಲ, ಗಡ್ಡೆ ಇಲ್ಲ, ನೀರಿಲ್ಲ. ಮನಸ್ಸಿನ ಆಸೆಯಿಂದ ಹೀಗೆ ಹೊಟ್ಟೆ ಬರೋದುಂಟು. ಆದರೆ ಇವರ ರಕ್ತ ನೋಡಿ, ಹಿಮೋಗ್ಲೋಬಿನ್ ನಾಲ್ಕಕ್ಕೆ ಇಳಿದಿದೆ. ಎಲ್ಲಿಗೆ ಹೋಗ್ತಿದೆ ಅಂತ ನಂಗೆ ತಿಳೀತಿಲ್ಲ. ಇವತ್ತೇ ಅಡ್ಮಿಟ್ ಮಾಡಿ. ಹೀಗೇ ಬಿಟ್ಟರೆ ಹದಿನೈದು ದಿನ ತಡೆಯೋದೂ ಕಷ್ಟ.”

ಒಳಗಿನ ಕೋಣೆಯಲ್ಲಿ ನರ್ಸ್, ಏನೂ ಸಿಗದೆ, ಹೃದಯದ ಬಡಿತ ಹಿಡಿಯುವ ಸಣ್ಣ ಯಂತ್ರವನ್ನು ಹೊಟ್ಟೆಯ ಮೇಲೆ ಇಟ್ಟಿದ್ದಳು. ಅರೆ ತೆರೆದ ಬಾಗಿಲಿನಿಂದ ಸದ್ದು ಕೇಳಿಸಿತು.

ಸರ್ರ್, ಟಪ್. ಸರ್ರ್, ಟಪ್.

“ಮಿಷಿನ್ ಕೆಟ್ಟಿದೆ ಸರ್” ಎಂದಳು ನರ್ಸ್.

ನವ್ಯಶ್ರೀ ಅಡ್ಮಿಟ್ ಆಗಲು ಒಪ್ಪಲಿಲ್ಲ. ಕಾಣದಿದ್ದರೆ ಇಲ್ಲ ಅಂತಲ್ಲ ಎಂದಳು. ಹಾಸಿಗೆಯ ಕಂಬಿ ಹಿಡಿದು ಎದ್ದು, ಗೋಡೆ ಹಿಡಿದುಕೊಂಡು, ಬಸ್‌ಸ್ಟ್ಯಾಂಡಿನ ಕಡೆ ನಡೆದೇಬಿಟ್ಟಳು.

*

ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೆ ರೇವಂತ್ ಬಿಸಿಲೆಗೆ ಹೋದ. ಹುಲಿಯಮ್ಮ ಒಲೆಯ ಮುಂದೆ ಕೂತಿದ್ದಳು. ಅವನ ಮುಖ ನೋಡಿದವಳೇ ಎದ್ದು ಅಟ್ಟದಿಂದ ಮೊರ ಇಳಿಸಿದಳು.

“ಕೊರತೆ ಯಾರ್ದು ಅಂತ ಆವತ್ತೇ ಗೊತ್ತಾಗಿತ್ತು ಮೇಷ್ಟ್ರೇ” ಎಂದಳು. “ಹೇಳ್ತೀರೇನೋ ಅಂತ ಕಾದೆ. ಮೂರು ಸಲ ಆಗೋ ತನ್ಕ ಕಾದೆ.”

“ಮತ್ತೆ ನಿಲ್ಲಿಸಬೇಕಿತ್ತು ನೀವು!” ಎಂದ ಅವನು.

“ನಿಮ್ ಬಾಯಿ ನಾನು ತೆಗ್ಯಾಕಾಯ್ತದಾ?”

ಅವನು ಅವಳ ಕಾಲಿನ ಬಳಿ ಕುಸಿದ. ಕಾಲೇಜಿನಲ್ಲಿ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಪಾಠ ಹೇಳುವವನು ಮಸಿಯ ನೆಲದ ಮೇಲೆ ಕೂತು ಮುದುಕಿಯ ಪಾದ ಹಿಡಿದುಕೊಂಡ. ನವ್ಯ ಒಬ್ಬಳು ಉಳಿದರೆ ಸಾಕು ಎಂದ. ಏನು ಹೇಳಿದರೂ ಮಾಡುತ್ತೇನೆ ಎಂದ.

“ಅವ್ಳ ಕೈಯಾಗೆ ಒಂದು ಅಂಚು ಕೊಡಿ. ನೀವು ಒಂದು ಹಿಡೀರಿ. ಅವ್ಳು ಕೇಳೋ ಹಂಗೆ ಮೂರು ಸಲ ಹೇಳಿ. ನಿಜ ಆಡಿದೋರ ಕಡೆ ಅದು ತಿರುಗ್ಲೇಬೇಕು.”

“ಆಮೇಲೆ? ನನ್ನ ಕೊರತೆಗೆ ಅಳತೆ ಇದೆಯಲ್ಲ. ತುಂಬಿ ಹೋಗುತ್ತಲ್ಲ?”

ಮುದುಕಿ ಒಲೆಯ ಕಟ್ಟಿಗೆ ಸರಿಮಾಡಿದಳು.

“ಆವತ್ತು ಹೇಳಿದ್ರೆ ಹೋಗಿರೋದು. ಈಗ ಮೂರು ತಿಂಗ್ಳು ಅಳತೆ ಇಲ್ದೆ ಉಂಡೈತೆ. ಅವ್ಳನ್ನ ಬುಡ್ತೈತೆ. ಅಷ್ಟೇ ನಂಗೊತ್ತು.”

*

ಅವನು ಮೊರ ಹಿಡಿದು ಬಾಳ್ಳುಪೇಟೆಗೆ ಮರಳಿದಾಗ ಹನ್ನೊಂದು ಗಂಟೆ. ಹೊರಗೆ ಬೆಳಕಿತ್ತು. ಮೆಟ್ಟಿಲು ಹತ್ತುವಾಗಲೇ ವಾಸನೆ ಎದುರಿಗೆ ಬಂತು. ಹೂವಿನದು ಉಳಿದಿರಲಿಲ್ಲ, ಅಡಿಯದು ಮಾತ್ರ.

ನವ್ಯಶ್ರೀ ಹಾಸಿಗೆಯ ಮೇಲೆ ಅಂಗಾತ ಮಲಗಿದ್ದಳು. ಒಂದು ರಾತ್ರಿಯಲ್ಲಿ ಹೊಟ್ಟೆ ಮತ್ತೂ ಬೆಳೆದಿತ್ತು. ಅದರ ಹಿಂದೆ ಅವಳ ಮುಖ ಸಣ್ಣ ಹುಡುಗಿಯದಷ್ಟಾಗಿ, ತುಟಿಗಳ ಸುತ್ತ ಅಕ್ಕಿಯ ಹಿಟ್ಟು ಅಂಟಿಕೊಂಡಿತ್ತು. ಹೊದಿಕೆಯ ಕೆಳಗೆ ಹೊಟ್ಟೆಯ ಚರ್ಮ ಅಲೆಯಲೆಯಾಗಿ ಏಳುತ್ತಿತ್ತು. ಒಂದು ಕಡೆಯಿಂದಲ್ಲ, ಹತ್ತು ಕಡೆಯಿಂದ.

ಅವಳು ಮೊರ ನೋಡಿದಳು. ಕಣ್ಣು ದೊಡ್ಡದಾಯಿತು.

“ಅದ್ಯಾಕೆ ತಂದ್ರಿ?”

ಅವನು ಹತ್ತಿರ ಕೂತು, ಅಕ್ಕಿ ಸುರಿದು, ಅವಳ ಬೆರಳುಗಳನ್ನು ಮೊರದ ಅಂಚಿಗೆ ಸಿಕ್ಕಿಸಿದ. ಬೆರಳುಗಳು ಒಣ ಕಡ್ಡಿಗಳ ಹಾಗಿದ್ದವು.

“ನವ್ಯ, ನಿಂಗೊಂದು ಮಾತು ಹೇಳ್ಬೇಕು. ಆ ರಿಪೋರ್ಟು...”

“ಸೊನ್ನೆ” ಎಂದಳು ಅವಳು. “ಗೊತ್ತು.”

ಕೆಳಗೆ ಹೆದ್ದಾರಿಯಲ್ಲಿ ಒಂದು ಲಾರಿ ಹೋಯಿತು. ಗಾಜು ನಡುಗಿ ನಿಂತಿತು.

“ತುಮಕೂರಲ್ಲೂ ನಾನು ದಿನಾ ಟೈಪಿಂಗ್ ಕೆಲ್ಸಾನೇ ಮಾಡ್ತಿದ್ದೋಳು ಕಣ್ರೀ. ನೀವು ಕೂರಿಸಿದ ಅಂಕಿ ಉಳಿದೋವಕ್ಕಿಂತ ಒಂಚೂರು ದಪ್ಪ ಇತ್ತು. ಹಾಳೆ ಕೈಗೆ ಬಂದ ದಿನಾನೇ ಗೊತ್ತಾಯ್ತು. ಲ್ಯಾಬಿಗೆ ಹೋಗಿ ನಿಜವಾದ ಅಂಕಿ ಕೇಳ್ಕೊಂಡೆ.”

“ಗೊತ್ತಿದ್ದೂ ಸೂಜಿ ಚುಚ್ಚಿಸ್ಕೊಂಡ್ಯಾ? ಗೊತ್ತಿದ್ದೂ ಅಲ್ಲಿ... ಕೊರತೆ ನಂದು ಅಂತ ಯಾಕಂದೆ ನವ್ಯ?”

“ನೀವು ಹೇಳ್ಲಿ ಅಂತ. ಮೊರ ಹಿಡ್ಕೊಂಡು ನಿಮ್ ಮುಖ ನೋಡ್ದೆ. ಮೊದ್ಲನೇ ಸಲಾನೂ ನೋಡ್ದೆ, ಎರಡನೇ ಸಲಾನೂ ನೋಡ್ದೆ. ನೀವು ತೋಟ ನೋಡ್ತಿದ್ರಿ.” ಅವಳು ಉಸಿರಿಗಾಗಿ ನಿಂತಳು. “ಅಜ್ಜಿ ಅಂದಿದ್ದು ನಂಗೂ ಕೇಳಿಸಿತ್ತು. ಏನಾದ್ರೂ ಬರ್ಲಿ, ಬಂದ್ರೆ ಸಾಕು ಅಂದ್ಕೊಂಡೆ. ಈಗ ಬಂದೈತೆ. ಬುಟ್ಬುಡಿ ನಮ್ಮನ್ನ.”

“ನೀನು ಸಾಯ್ತೀಯ.”

“ಹೆರೋವಾಗ ಸಾಯಲ್ವಾ ಜನ?”

ಅವನು ಮೊರ ಎತ್ತಿದ. ಅವಳ ಬೆರಳುಗಳು ಅಂಚಿನಿಂದ ಜಾರಲು ನೋಡಿದವು. ತನ್ನ ಕೈಯಿಂದ ಅವನ್ನು ಅಲ್ಲೇ ಒತ್ತಿ ಹಿಡಿದ.

“ಕೊರತೆ ನಂದು.”

ಹೊಟ್ಟೆಯ ಅಲೆಗಳು ನಿಂತವು. ಎಲ್ಲವೂ ಒಮ್ಮೆಗೇ. ಕೋಣೆಯಲ್ಲಿ ಯಾರೋ ಬಹಳ ಜನ ಉಸಿರು ಬಿಗಿಹಿಡಿದ ಹಾಗೆ.

“ಬೇಡ ರೀ. ನಿಮ್ ಕಾಲಿಗೆ ಬೀಳ್ತೀನಿ.”

“ಕೊರತೆ ನಂದು.”

ಬೆಳಕು ಕುಗ್ಗಿತು. ಕಿಟಕಿಗೆ ಮಂಜು ಮೆತ್ತಿಕೊಂಡಿತ್ತು. ಹೆದ್ದಾರಿಯ ಸದ್ದಿಲ್ಲ. ಅಕ್ಕಿ ತಾನಾಗಿ ಏಳುತ್ತಿತ್ತು. ಸರ್ರ್, ಟಪ್. ನವ್ಯಶ್ರೀಯ ಇನ್ನೊಂದು ಕೈ ಎದ್ದು ಅವನ ಬಾಯಿ ಮುಚ್ಚಿತು. ಎಲ್ಲಿತ್ತು ಆ ಬಲ? ಉಗುರು ಕೆನ್ನೆಗೆ ಇಳಿಯಿತು. ಹಲ್ಲು ತುಟಿಗೆ ಒತ್ತಿತು. ರಕ್ತದ ರುಚಿ. ಅವನು ತಲೆ ಕೊಡವಿದ. ಅವಳು ಬಿಡಲಿಲ್ಲ. ಮತ್ತೆ ಕೊಡವಿದ. ಮೂರು ವರ್ಷ ಅವನು ತಾನೇ ಮುಚ್ಚಿಕೊಂಡಿದ್ದ ಬಾಯಿ. ಬೆರಳುಗಳ ನಡುವೆ ಒಂದಿಷ್ಟು ಸಂದು ಸಿಕ್ಕಿತು.

“ಕೊರತೆ ನಂದು!”

ಅವಳು ಕೂಗಿದಳು. ಅವಳ ಹೊಟ್ಟೆಯೊಳಗಿನಿಂದಲೂ ಕೂಗಿದವು, ತೆಳ್ಳಗೆ, ಒಂದರ ಮೇಲೊಂದು. ಹೊದಿಕೆ ಇಳಿಯಿತು. ಇಳಿಯುತ್ತ ಇಳಿಯುತ್ತ ಹಾಸಿಗೆಗೆ ಅಂಟಿತು. ಮೊರ ಭಾರವಾಗಿ ಅವನ ತೊಡೆಯ ಮೇಲೆ ಬಿತ್ತು. ತಣ್ಣಗಿನ ಏನೋ ಮಣಿಕಟ್ಟಿನಿಂದ ತೋಳಿಗೆ ಹತ್ತಿತು. ತೋಳಿನಿಂದ ಎದೆಗೆ. ಪುಟ್ಟ ಪುಟ್ಟ ಕೈಗಳು ಹಿಡಿ ಹುಡುಕುತ್ತ ಏರಿದ ಹಾಗೆ. ಅವನು ಬಾಯಿ ಮುಚ್ಚಿದ. ತಡವಾಗಿತ್ತು.

*

ಎಚ್ಚರವಾದಾಗ ಮಧ್ಯಾಹ್ನ. ಲಾರಿಗಳು ಓಡಾಡುತ್ತಿದ್ದವು. ಕೋಣೆಯಲ್ಲಿ ಯಾವ ವಾಸನೆಯೂ ಇರಲಿಲ್ಲ. ರೇವಂತ್ ನೆಲದ ಮೇಲೆ ಬಿದ್ದಿದ್ದ. ಏಳಲು ನೋಡಿದ. ಮೈ ಏಳಲಿಲ್ಲ.

ನವ್ಯಶ್ರೀ ಹಾಸಿಗೆಯ ಮೇಲೆ ಕೂತಿದ್ದಳು. ಬತ್ತಿದ್ದ ತುಟಿಗಳಿಗೆ ಬಣ್ಣ ಬಂದಿತ್ತು. ಹೊಟ್ಟೆ ಬೆನ್ನಿಗೆ ಹತ್ತಿಕೊಂಡಿತ್ತು. ಬದುಕುತ್ತಾಳೆ, ಅಂದುಕೊಂಡ ಅವನು. ಅವಳು ಹೊದಿಕೆಯನ್ನು ಎತ್ತಿ ಕೊಡವಿದಳು, ದಿಂಬಿನ ಕೆಳಗೆ ಕೈಯಾಡಿಸಿದಳು, ಮಂಚದ ಸಂದಿಯಲ್ಲಿ ಬಗ್ಗಿ ನೋಡಿದಳು. ಏನೂ ಇರಲಿಲ್ಲ. ಎದೆ ಬಿರಿಯುವ ಹಾಗೆ ಅಳತೊಡಗಿದಳು. ಸಮಾಧಾನ ಹೇಳಲು ಅವನು ಬಾಯಿ ತೆರೆದರೆ ಮಾತಿನ ಬದಲು ಬರೀ ಗಾಳಿ ಬಂತು.

ಆಗ ಅವನ ಪಕ್ಕೆಲುಬಿನ ಕೆಳಗೆ ಏನೋ ಹೊರಳಿತು.

ಅವಳು ಅಳು ನಿಲ್ಲಿಸಿದಳು. ತಲೆ ಓರೆ ಮಾಡಿ ಆಲಿಸಿದಳು. ಮಂಚದಿಂದಿಳಿದು, ಮೊಣಕಾಲಿನ ಮೇಲೆ ತೆವಳಿ ಬಂದು, ಅವನ ಅಂಗಿಯ ಗುಂಡಿಗಳನ್ನು ಒಂದೊಂದಾಗಿ ಬಿಚ್ಚಿದಳು. ಅವನ ಹೊಟ್ಟೆಯ ಮೇಲೆ ಬೆಚ್ಚಗಿನ ಅಂಗೈ ಇಟ್ಟಳು. ಒಳಗಿನದು ಆ ಕೈಯನ್ನು ಗುರುತಿಸಿ ಒದೆಯಿತು. ಅವಳ ಮುಖದ ಮೇಲೆ ನಿಧಾನವಾಗಿ ಆ ಹಳೆಯ ಸಂತೋಷ ತುಂಬಿಕೊಂಡಿತು. ಅವನ ಕಣ್ಣುಗಳನ್ನು ಅವಳು ನೋಡಲೇ ಇಲ್ಲ.

ಆಸ್ಪತ್ರೆಗೆ, ಎಂದು ತುಟಿಯಾಡಿಸಿದ ಅವನು. ಹುಲಿಯಮ್ಮನಿಗೆ ಹೇಳಿಕಳಿಸು, ಎಂದ. ಅವಳು ಎದ್ದು ಹೋಗಿ ಮುಂಬಾಗಿಲಿನ ಚಿಲಕ ಹಾಕಿದಳು. ಅಡುಗೆಮನೆಯಿಂದ ಒಂದು ತಟ್ಟೆ ಹಸಿ ಅಕ್ಕಿ ತಂದು, ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಮೊದಲ ಹಿಡಿಯನ್ನು ಅವನ ತುಟಿಗೆ ಹಿಡಿದಳು. ಅವನಿಗೆ ಬೇಡವಿತ್ತು. ಬಾಯಿ ಅವನ ಮಾತು ಕೇಳದೆ ತೆರೆದುಕೊಂಡಿತು.

“ಉಣ್ಣಿ” ಎಂದಳು, ಅವನ ಕೂದಲು ನೇವರಿಸುತ್ತ. “ಈಗ ನೀವು ಎರಡು ಜೀವ ಕಣ್ರೀ.”